ಕೆಂಟಕಿ ಬೆಟ್ಟಗಳ ಸೂಲಗಿತ್ತಿ ಮತ್ತು ಐದು ಡಾಲರ್ ಶುಲ್ಕ

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುಗ್ಗರಿಸಿದ ಮೇಲೆ ಅಮೆರಿಕವನ್ನು ದಶಕದುದ್ದಕ್ಕೂ ಹಿಂಡಿದ ಆರ್ಥಿಕ ಬಿಕ್ಕಟ್ಟನ್ನು ಚರಿತ್ರಕಾರರು ಮಹಾಕುಸಿತ ಎಂದು ಕರೆಯುತ್ತಾರೆ. ಬಾಗಿಲು ಮುಚ್ಚಿದ ಬ್ಯಾಂಕುಗಳು, ಹೊಗೆಯಾಡದ ಕಾರ್ಖಾನೆಗಳು, ನಗರಗಳ ಗಂಜಿಕೇಂದ್ರಗಳ ಮುಂದಿನ ಉದ್ದನೆಯ ಸಾಲುಗಳು ಆ ಕಾಲದ ನೆನಪಿನ ಚಿತ್ರಗಳಾಗಿ ಉಳಿದಿವೆ. ಕೆಂಟಕಿ ರಾಜ್ಯದ ಆಗ್ನೇಯ ಮೂಲೆಯ ಲೆಸ್ಲಿ ಕೌಂಟಿಗೆ ಈ ಚಿತ್ರಗಳಲ್ಲಿ ಜಾಗ ಸಿಗುವುದು ಕಷ್ಟ, ಏಕೆಂದರೆ ಅಲ್ಲಿ ಮುಚ್ಚುವುದಕ್ಕೆ ಕಾರ್ಖಾನೆಯೇ ಇರಲಿಲ್ಲ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಷ್ಟಿರುವ ಆಡಳಿತ ಘಟಕ. ಅಪಲಾಚಿಯನ್ ಪರ್ವತಶ್ರೇಣಿಯ ಮಡಿಲಿನ ಈ ಪ್ರದೇಶದಲ್ಲಿ ಜನ ತೊರೆಗಳ ಅಂಚಿನಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿಕೊಂಡು, ಕಡಿದಾದ ಇಳಿಜಾರಿನಲ್ಲಿ ಮೆಕ್ಕೆಜೋಳ ಬೆಳೆದುಕೊಂಡು, ಹಂದಿ ಕೋಳಿ ಸಾಕಿಕೊಂಡು ಬದುಕುತ್ತಿದ್ದರು. ಬೆಲೆಬಾಳುವ ಮರಗಳನ್ನು ಕಡಿದು ನದಿಯಲ್ಲಿ ತೇಲಿಬಿಟ್ಟು ಮಾರಿದ ಕಾಲ ಆಗಲೇ ಮುಗಿಯುತ್ತ ಬಂದಿತ್ತು. ನಗದು ಬೇಕೆಂದವರು ನೆರೆಯ ಪೆರಿ, ಹಾರ್ಲನ್ ಕೌಂಟಿಗಳ ಕಲ್ಲಿದ್ದಲ ಗಣಿಗಳಿಗೆ ಕೂಲಿಗೆ ಹೋಗಬೇಕಿತ್ತು.

ಕುಸಿತ ಇಲ್ಲಿಗೆ ಬಂದದ್ದು ಆ ಗಣಿಗಳ ದಾರಿಯಿಂದಲೇ. ಗಣಿಗಳು ಕೆಲಸ ನಿಲ್ಲಿಸಿದಾಗ, ನಗರದ ಕಾರ್ಖಾನೆಗಳು ಗೇಟು ಹಾಕಿದಾಗ, ಹಿಂದೆ ಊರು ಬಿಟ್ಟಿದ್ದವರು ಹೆಂಡತಿ ಮಕ್ಕಳೊಂದಿಗೆ ಅಪ್ಪನ ಜಮೀನಿಗೆ ಮರಳಿದರು. ಬರುತ್ತಿದ್ದ ಅಲ್ಪಸ್ವಲ್ಪ ಹಣ ನಿಂತು, ಉಣ್ಣುವ ಬಾಯಿಗಳು ಮಾತ್ರ ಹೆಚ್ಚಾದವು. ಅದೇ ಹೊತ್ತಿಗೆ 1930ರ ಬೇಸಿಗೆಯ ಭೀಕರ ಬರ ಕೆಂಟಕಿಯ ಮೆಕ್ಕೆಜೋಳವನ್ನು ಹೊಲದಲ್ಲಿಯೇ ಸುಟ್ಟುಹಾಕಿತು. ಹಸಿವಿನ ಕಾಲದಲ್ಲಿ ಮದುವೆಗಳನ್ನು ಮುಂದೂಡಬಹುದು, ಮನೆ ಕಟ್ಟುವುದನ್ನು ಕೈಬಿಡಬಹುದು. ದಿನ ತುಂಬಿದ ಬಸುರಿಯ ಹೆರಿಗೆಯನ್ನು ಮುಂದೂಡುವಂತಿಲ್ಲ. ಆದುದರಿಂದಲೇ ಕುದುರೆಯೇರಿ ಬರುತ್ತಿದ್ದ ಸೂಲಗಿತ್ತಿಯ ಕೆಲಸ ಆ ವರ್ಷಗಳಲ್ಲಿ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಆಕೆಯ ಸಂಬಳ.

ಈ ಸೂಲಗಿತ್ತಿಯರು ಸೇರಿದ್ದ ಸಂಸ್ಥೆಯ ಹೆಸರು ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್. ಅದನ್ನು ಕಟ್ಟಿದ ಮೇರಿ ಬ್ರೆಕಿನ್‌ರಿಜ್ 1881ರಲ್ಲಿ ಹುಟ್ಟಿದ್ದು ದೊಡ್ಡ ಮನೆತನದಲ್ಲಿ. ಆಕೆಯ ಅಜ್ಜ ಜಾನ್ ಸಿ. ಬ್ರೆಕಿನ್‌ರಿಜ್ ಅಮೆರಿಕದ ಉಪಾಧ್ಯಕ್ಷನಾಗಿದ್ದವನು. ನರ್ಸ್ ತರಬೇತಿ ಪಡೆದಿದ್ದ ಈಕೆಗೆ 1916ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. 1918ರಲ್ಲಿ ನಾಲ್ಕು ವರ್ಷದ ಮಗನೂ ಹೋದ. ಆ ನಂತರ ಮೊದಲ ಮಹಾಯುದ್ಧದಿಂದ ನಾಶವಾಗಿದ್ದ ಫ್ರಾನ್ಸಿನ ಹಳ್ಳಿಗಳಲ್ಲಿ ತಾಯಿ ಮಕ್ಕಳ ಆರೈಕೆಗೆ ಹೋದಾಗ, ಬ್ರಿಟನ್ನಿನಲ್ಲಿ ತರಬೇತಾದ ನರ್ಸ್-ಸೂಲಗಿತ್ತಿಯರನ್ನು ಆಕೆ ಕಂಡಳು. ಕಾಯಿಲೆಯವರ ಶುಶ್ರೂಷೆ ಮತ್ತು ಹೆರಿಗೆ ಮಾಡಿಸುವ ವಿದ್ಯೆ, ಎರಡರಲ್ಲೂ ತರಬೇತಿ ಪಡೆದ ಒಬ್ಬಳೇ ಹೆಣ್ಣುಮಗಳನ್ನು ನರ್ಸ್-ಸೂಲಗಿತ್ತಿ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1902ರ ಕಾಯಿದೆಯ ಪ್ರಕಾರ ಸೂಲಗಿತ್ತಿಯರಿಗೆ ತರಬೇತಿ, ನೋಂದಣಿ ಎರಡೂ ಇದ್ದವು. ಅಮೆರಿಕದಲ್ಲಿ ಅಂಥ ವರ್ಗವೇ ಇರಲಿಲ್ಲ. ವೈದ್ಯರು ಒಂದು ಕಡೆ, ಅಕ್ಷರ ಬಾರದ ಮುದುಕಿಯರು ಇನ್ನೊಂದು ಕಡೆ, ನಡುವೆ ಯಾರೂ ಇಲ್ಲ.

1923ರ ಬೇಸಿಗೆಯಲ್ಲಿ ಬ್ರೆಕಿನ್‌ರಿಜ್ ಲೆಸ್ಲಿ, ನಾಟ್, ಔಸ್ಲಿ ಎಂಬ ಮೂರು ಕೌಂಟಿಗಳನ್ನು ಕುದುರೆ ಹೇಸರಗತ್ತೆಗಳ ಮೇಲೆ ಸುತ್ತಿ, 53 ಮಂದಿ ಸಾಂಪ್ರದಾಯಿಕ ಸೂಲಗಿತ್ತಿಯರನ್ನು ಅವರವರ ಮನೆಯಲ್ಲಿಯೇ ಮಾತನಾಡಿಸಿದಳು. ಅಲ್ಲಿಯವರು ಅವರನ್ನು ಗ್ರ್ಯಾನಿ, ಅಂದರೆ ಅಜ್ಜಿ ಎಂದು ಕರೆಯುತ್ತಿದ್ದರು. ಬಹುಮಂದಿ ಅರವತ್ತರ ಆಸುಪಾಸಿನವರು. ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ನೆರೆಮನೆಯ ಹೆರಿಗೆಗೆ ಕೈಯೊಡ್ಡಿ, ಮಾಡುತ್ತ ಮಾಡುತ್ತ ಕಲಿತವರು. ಮರುವರ್ಷ ಆಕೆ ಲಂಡನ್ನಿನಲ್ಲಿ ಸೂಲಗಿತ್ತಿ ತರಬೇತಿ ಮುಗಿಸಿ, ಸ್ಕಾಟ್ಲೆಂಡಿನ ಬೆಟ್ಟ ಮತ್ತು ದ್ವೀಪಗಳಿಗೆಂದೇ ಸರ್ಕಾರ 1913ರಲ್ಲಿ ಆರಂಭಿಸಿದ್ದ ವೈದ್ಯಸೇವೆಯನ್ನು ನೋಡಲು ಹೋದಳು. ದುರ್ಗಮ ಪ್ರದೇಶದಲ್ಲಿ ಚದುರಿದ ಬಡ ಜನವಸತಿಗೆ ನರ್ಸ್ ಮತ್ತು ವೈದ್ಯರ ಜಾಲವನ್ನು ಹೇಗೆ ಹೆಣೆಯಬೇಕೆಂಬುದರ ಸಿದ್ಧ ಮಾದರಿ ಅಲ್ಲಿತ್ತು. ಹೊರಠಾಣೆ, ಸಣ್ಣ ಆಸ್ಪತ್ರೆ, ಮೇಲ್ವಿಚಾರಣೆ ಎಲ್ಲವನ್ನೂ ಆಕೆ ಅಲ್ಲಿಂದ ಕೆಂಟಕಿಗೆ ತಂದಳು. ತರಲಾಗದೆ ಹೋದದ್ದು ಒಂದೇ, ಸರ್ಕಾರದ ಖಜಾನೆ. ಸ್ಕಾಟ್ಲೆಂಡಿನ ಸೇವೆ ನಡೆಯುತ್ತಿದ್ದದ್ದು ಸಾರ್ವಜನಿಕ ಹಣದಿಂದ. ಕೆಂಟಕಿಯದು 1925ರಲ್ಲಿ ಆರಂಭವಾದದ್ದು ಬ್ರೆಕಿನ್‌ರಿಜ್‌ಗೆ ಬಂದಿದ್ದ ಪಿತ್ರಾರ್ಜಿತದಿಂದ, ಬೆಳೆದದ್ದು ನ್ಯೂಯಾರ್ಕ್, ಬಾಸ್ಟನ್, ಲೂಯಿವಿಲ್ ನಗರಗಳ ಶ್ರೀಮಂತರ ಚಂದಾಹಣದಿಂದ. ಮುಂದಿನ ಎಲ್ಲ ಸಂಕಟಗಳ ಬೇರು ಈ ವ್ಯತ್ಯಾಸದಲ್ಲಿದೆ.

ಸಂಸ್ಥೆಯ ವ್ಯಾಪ್ತಿ ಸುಮಾರು 700 ಚದರ ಮೈಲಿಗಳಷ್ಟಿತ್ತು. ಮಿಡ್ಲ್ ಫೋರ್ಕ್ ನದಿಯ ದಂಡೆಯ ವೆಂಡೋವರ್ ಎಂಬಲ್ಲಿ ದಿಮ್ಮಿಗಳಿಂದ ಕಟ್ಟಿದ ದೊಡ್ಡ ಮನೆ ಕೇಂದ್ರಕಚೇರಿ. ಹೈಡನ್ ಎಂಬ ಪುಟ್ಟ ಪಟ್ಟಣದಲ್ಲಿ 1928ರಿಂದ ಒಂದು ಕಲ್ಲುಕಟ್ಟಡದ ಆಸ್ಪತ್ರೆ. ಬೀಚ್ ಫೋರ್ಕ್, ರೆಡ್ ಬರ್ಡ್, ಫ್ಲ್ಯಾಟ್ ಕ್ರೀಕ್ ಮುಂತಾದ ಕಡೆ ಹೊರಠಾಣೆಗಳು. ಒಂದೊಂದು ಠಾಣೆಗೂ ಸುತ್ತಲಿನ ಐದು ಮೈಲಿ ಎಂದು ಗೆರೆ ಎಳೆಯಲಾಗಿತ್ತು, ಏಕೆಂದರೆ ಕುದುರೆಯ ಮೇಲೆ ಒಂದು ಗಂಟೆಯೊಳಗೆ ತಲುಪಬಹುದಾದ ದೂರ ಅಷ್ಟೆ. ಭೂಪಟದ ಮೇಲಿನ ಐದು ಮೈಲಿ ಎಂಬುದು ತೊರೆಯ ಕಲ್ಲುಹಾಸಿನಲ್ಲಿಯೇ ದಾರಿ ಮಾಡಿಕೊಂಡು ಹೋಗಬೇಕಾದ ನಾಡಿನಲ್ಲಿ ಬೇರೆಯೇ ಆಗುತ್ತದೆ ಎಂಬುದು ಲೆಕ್ಕ ಹಾಕಿದವರಿಗೂ ಗೊತ್ತಿತ್ತು. ಮಳೆಗಾಲದಲ್ಲಿ ನದಿ ಏರಿದರೆ ಕುದುರೆ ಈಜಬೇಕು; ಚಳಿಗಾಲದಲ್ಲಿ ದಾರಿಯ ಮೇಲೆ ಮಂಜುಗಡ್ಡೆ. ಅಪ್ಪನಾಗುವವನು ನರ್ಸನ್ನು ಕರೆಯಲು ಬರಬಲ್ಲನಾದರೆ, ನರ್ಸೂ ತಾಯಿಯ ಬಳಿಗೆ ಹೋಗಬಲ್ಲಳು ಎಂಬುದು ಸಂಸ್ಥೆಯೊಳಗೆ ಬಾಯಿಂದ ಬಾಯಿಗೆ ನಡೆದುಬಂದ ನಿಯಮವಾಗಿತ್ತು. ಹವಾಮಾನ ಕೆಟ್ಟಿತ್ತೆಂಬ ನೆಪ ಅದರಲ್ಲಿ ಕೆಲಸಕ್ಕೆ ಬಾರದು.

ಸೂಲಗಿತ್ತಿಯ ನಿಜವಾದ ಆಸ್ತಿ ಎಂದರೆ ಜೀನಿನ ಎರಡೂ ಪಕ್ಕಕ್ಕೆ ಇಳಿಬೀಳುವ ಚರ್ಮದ ಚೀಲಗಳು. ದಿನನಿತ್ಯದ ಭೇಟಿಗೆ ಒಂದು ಜೊತೆ, ಹೆರಿಗೆಗೆ ಇನ್ನೊಂದು ಜೊತೆ. ಹೆರಿಗೆ ಚೀಲದ ತೂಕವೇ ಸುಮಾರು 40 ಪೌಂಡ್, ಅಂದರೆ 18 ಕಿಲೋ. ಒಳಗಿನ ಬಿಳಿ ಬಟ್ಟೆಯ ಅಸ್ತರಿಯನ್ನು ಬಿಚ್ಚಿ ಒಗೆದು ಕುದಿಸಬಹುದಿತ್ತು. ಕತ್ತರಿ, ಹೊಕ್ಕುಳಬಳ್ಳಿ ಕಟ್ಟುವ ದಾರ, ಕೈಗವಸು, ಮೇಲಂಗಿ, ನವಜಾತ ಶಿಶುವಿನ ಕಣ್ಣಿಗೆ ಹಾಕುವ ಸಿಲ್ವರ್ ನೈಟ್ರೇಟ್ ಹನಿ, ರಕ್ತದೊತ್ತಡ ಅಳೆಯುವ ಉಪಕರಣ, ಮೂತ್ರ ಪರೀಕ್ಷೆಯ ಸಾಮಗ್ರಿ ಎಲ್ಲಕ್ಕೂ ಗೊತ್ತಾದ ಜಾಗ. ಲೆಕ್ಸಿಂಗ್ಟನ್ ನಗರದ ವೈದ್ಯರ ಸಲಹಾ ಸಮಿತಿ ಒಪ್ಪಿದ ಒಂದು ಲಿಖಿತ ಸೂಚನಾವಳಿಯೂ ಜೊತೆಗಿರುತ್ತಿತ್ತು. ವೈದ್ಯ ಸಿಗುವವರೆಗೆ ನರ್ಸ್ ಏನು ಮಾಡಬಹುದು, ಯಾವ ಔಷಧ ಕೊಡಬಹುದು, ಎಲ್ಲಿ ಕೈ ಹಿಂದೆಗೆಯಬೇಕು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ಒಂಟಿಯಾಗಿ ಕೆಲಸ ಮಾಡುವ ಹೆಂಗಸಿಗೆ ಅದು ಅಧಿಕಾರವೂ ಹೌದು, ಲಗಾಮೂ ಹೌದು.

ಮನೆಯೆಂದರೆ ಒಂದೋ ಎರಡೋ ಕೋಣೆ. ದಿಮ್ಮಿಗಳ ಸಂದಿನಿಂದ ಗಾಳಿ ನುಗ್ಗಬಾರದೆಂದು ಗೋಡೆಗೆ ಹಳೆಯ ಪತ್ರಿಕೆಗಳನ್ನು ಅಂಟಿಸಿರುತ್ತಿದ್ದರು. ಕರೆ ಬಂದ ರಾತ್ರಿ ಸೂಲಗಿತ್ತಿ ಮೊದಲು ಮಾಡುತ್ತಿದ್ದ ಕೆಲಸ ಸೌದೆ ಒಲೆಯ ಮೇಲೆ ನೀರಿಡುವುದು. ಎರಡನೆಯದು ದಿನಪತ್ರಿಕೆಗಳನ್ನು ಪದರು ಪದರಾಗಿ ಮಡಿಚಿ ಹಾಸಿಗೆಯ ಮೇಲೆ ಹಾಸುವುದು. ಶುಭ್ರ ಬಟ್ಟೆ ಇಲ್ಲದ ಮನೆಯಲ್ಲಿ ಪತ್ರಿಕೆಯ ಕಾಗದವೇ ಅಗ್ಗದ ಹಾಸು, ಕೆಲಸ ಮುಗಿದ ಮೇಲೆ ಸುಟ್ಟುಬಿಡಬಹುದು. ಅನಂತರ ಕೈ ಉಜ್ಜಿ ಉಜ್ಜಿ ತೊಳೆಯುವುದು. ಸೂತಿಕಾಜ್ವರ, ಅಂದರೆ ಹೆರಿಗೆಯ ಹೊತ್ತಿನಲ್ಲಿ ಕೊಳೆ ಕೈಯಿಂದ ಒಳಸೇರಿ ಬಾಣಂತಿಯನ್ನು ಕೊಲ್ಲುತ್ತಿದ್ದ ನಂಜು, ಆಗಿನ ಅಮೆರಿಕದಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣವಾಗಿತ್ತು. ಅದಕ್ಕೆ ಮದ್ದಾದ ಸಲ್ಫಾ ಔಷಧಗಳು ಬಳಕೆಗೆ ಬಂದದ್ದು ಆ ದಶಕದ ಕೊನೆಗೆ. ಹಾಸಿಗೆಯ ಕೆಳಗೆ ಕೊಡಲಿ ಇಟ್ಟರೆ ನೋವು ಕತ್ತರಿಸುತ್ತದೆಂಬ ನಂಬಿಕೆ ಆ ಬೆಟ್ಟಗಳಲ್ಲಿತ್ತು. ಹಾನಿಯಿಲ್ಲದ ಇಂಥ ಆಚಾರವನ್ನು ಕೆಣಕುವುದಕ್ಕಿಂತ ಅದರ ಪಾಡಿಗೆ ಬಿಟ್ಟು ತನ್ನ ಕೆಲಸ ಮಾಡುವುದೇ ಜಾಣತನವೆಂದು ಅನುಭವಿ ನರ್ಸಿಗೆ ತಿಳಿದಿತ್ತು. ಮಗು ಹುಟ್ಟಿ, ಮಾಸು ಪೂರ್ತಿ ಬಿದ್ದು, ರಕ್ತಸ್ರಾವ ನಿಂತಿತೆಂದು ಖಾತ್ರಿಯಾಗುವವರೆಗೆ ಆಕೆ ಕದಲುವಂತಿರಲಿಲ್ಲ.

ಆದರೆ ಆ ರಾತ್ರಿಯ ಸಾಹಸಕ್ಕಿಂತ ತಾಯಿಯನ್ನು ಉಳಿಸುತ್ತಿದ್ದದ್ದು ಅದರ ಹಿಂದುಮುಂದಿನ ನೀರಸ ಭೇಟಿಗಳು ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ. ಬಸುರಿ ಹೆಸರು ಬರೆಸಿದ ದಿನದಿಂದ ಏಳನೆಯ ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನರ್ಸ್ ಆಕೆಯನ್ನು ನೋಡುತ್ತಿದ್ದಳು. ಕಾಲು ಊದಿದೆಯೇ, ರಕ್ತದೊತ್ತಡ ಏರುತ್ತಿದೆಯೇ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡುವುದರಿಂದ ಗರ್ಭಿಣಿ ನಂಜು, ಅಂದರೆ ಕೊನೆಯ ತಿಂಗಳುಗಳಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ಕೊಂಡೊಯ್ಯುವ ಸ್ಥಿತಿ, ಮೊದಲೇ ಪತ್ತೆಯಾಗುತ್ತಿತ್ತು; ಅಂಥವಳನ್ನು ಹೈಡನ್ ಆಸ್ಪತ್ರೆಗೆ ಸಾಗಿಸಲು ಸಮಯ ಸಿಗುತ್ತಿತ್ತು. ಹೆರಿಗೆಯ ನಂತರ ಹತ್ತು ದಿನ ಬಾಣಂತಿಯ ಆರೈಕೆ. ಅದೇ ನರ್ಸ್ ಮನೆಯ ಉಳಿದವರಿಗೆ ವಿಷಮಶೀತಜ್ವರ, ಡಿಫ್ತೀರಿಯಾ, ಸಿಡುಬಿನ ಚುಚ್ಚುಮದ್ದು ಹಾಕುತ್ತಿದ್ದಳು, ಮಕ್ಕಳ ಕೊಕ್ಕೆಹುಳುವಿಗೆ ಮದ್ದು ಕೊಡುತ್ತಿದ್ದಳು, ಶೌಚಗುಂಡಿ ಎಲ್ಲಿ ತೋಡಬೇಕೆಂದು ಗಂಡಸರಿಗೆ ತೋರಿಸುತ್ತಿದ್ದಳು.

ಇಷ್ಟಕ್ಕೆಲ್ಲ ಹೆರಿಗೆಯೊಂದಕ್ಕೆ ಶುಲ್ಕ ಐದು ಡಾಲರ್, ಹಿಂದುಮುಂದಿನ ಆರೈಕೆಯೂ ಸೇರಿ. ಸಾಮಾನ್ಯ ಶುಶ್ರೂಷೆಗೆ ಒಂದು ಕುಟುಂಬಕ್ಕೆ ವರ್ಷಕ್ಕೆ ಒಂದು ಡಾಲರ್. ಧರ್ಮಾರ್ಥವಾಗಿ ಕೊಟ್ಟದ್ದನ್ನು ಬೆಟ್ಟದ ಜನ ಮರ್ಯಾದೆಗೆ ಕುಂದೆಂದು ಭಾವಿಸುತ್ತಾರೆಂಬುದು ಬ್ರೆಕಿನ್‌ರಿಜ್‌ಗೆ ಗೊತ್ತಿದ್ದುದರಿಂದ ಶುಲ್ಕವನ್ನು ತೆಗೆಯಲಿಲ್ಲ. ಬದಲಿಗೆ ನಗದೇ ಆಗಬೇಕೆಂಬ ಹಟವನ್ನು ಬಿಟ್ಟಳು. ಕುದುರೆಗೆ ಮೇವು, ಮೆಕ್ಕೆಜೋಳ, ಬೇಲಿಗೆ ಸೀಳಿದ ಗೂಟಗಳು, ಕೈಯಲ್ಲಿ ಹೊಲಿದ ಕೌದಿ, ಮನೆಯಲ್ಲಿ ಮಾಡಿದ ಕುರ್ಚಿ, ಏನೂ ಇಲ್ಲದಿದ್ದರೆ ಹೊರಠಾಣೆಯ ದಾರಿ ದುರಸ್ತಿಗೆ ಕೆಲವು ದಿನಗಳ ಮೈಗೆಲಸ, ಎಲ್ಲವೂ ಜಮೆಯಾಗುತ್ತಿದ್ದವು. ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದ ನಮ್ಮ ಊರುಗಳ ಆಯಗಾರ ಪದ್ಧತಿಯ ನೆನಪು ಕನ್ನಡ ಓದುಗರಿಗೆ ಬಂದರೆ ಅದು ಸಹಜ. ಮೇರಿ ವಿಲ್ಲಿಫರ್ಡ್ ಎಂಬ ಇದೇ ಸಂಸ್ಥೆಯ ನರ್ಸ್-ಸೂಲಗಿತ್ತಿ ಲೆಸ್ಲಿ ಕೌಂಟಿಯ 400 ಕುಟುಂಬಗಳ ಆದಾಯ ಮತ್ತು ಆರೋಗ್ಯವನ್ನು ಕುರಿತು ಅಧ್ಯಯನ ನಡೆಸಿ 1932ರಲ್ಲಿ ಪ್ರಕಟಿಸಿದಳು. ಕೈಯಲ್ಲಿ ಕಾಸಾಡದ ಇಂಥ ಕುಟುಂಬಗಳು ವೈದ್ಯಕೀಯ ಆರೈಕೆಯ ಪೂರ್ತಿ ಖರ್ಚನ್ನು ಎಂದೂ ಹೊರಲಾರವು ಎಂಬುದು ಅಂಥ ಲೆಕ್ಕದಿಂದ ಹೊರಡುವ ನೇರ ತೀರ್ಮಾನ. ಮೇವನ್ನು ಕುದುರೆ ತಿನ್ನಬಹುದು, ಆದರೆ ಔಷಧದ ಅಂಗಡಿಯವನು ಮೇವನ್ನು ತೆಗೆದುಕೊಳ್ಳುವುದಿಲ್ಲವಲ್ಲ.

ಕುಸಿತ ಹೊಡೆದದ್ದು ಆ ನಗದಿನ ಬಾಗಿಲಿಗೆ. ದಾನಿಗಳ ಷೇರುಗಳು ಕರಗಿದವು, ವರ್ಷವರ್ಷ ಬರುತ್ತಿದ್ದ ಚಂದಾ ನಿಂತುಹೋಯಿತು ಇಲ್ಲವೆ ಕುಗ್ಗಿತು. ತಾಯಿ ಮಕ್ಕಳ ಆರೋಗ್ಯಕ್ಕೆ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೆ ನೆರವು ನೀಡುತ್ತಿದ್ದ 1921ರ ಶೆಪರ್ಡ್-ಟೌನರ್ ಕಾಯಿದೆಯೂ, ವೈದ್ಯರ ಸಂಘದ ವಿರೋಧದ ಫಲವಾಗಿ, 1929ರಲ್ಲಿಯೇ ಮುಗಿದಿತ್ತು. ಬಡವರಿಗೆ ಹೆಚ್ಚು ಬೇಕಾದ ವರ್ಷಗಳಲ್ಲಿಯೇ ಶ್ರೀಮಂತರ ಬಳಿ ಕೊಡಲು ಕಡಿಮೆ ಇರುತ್ತದೆ ಎಂಬ, ದಾನದಿಂದ ನಡೆಯುವ ಎಲ್ಲ ಸೇವೆಗಳ ಮೂಲದೋಷ ಇಲ್ಲಿ ಬಯಲಾಯಿತು. ಸಿಬ್ಬಂದಿ ಸಂಬಳ ಕಡಿತವನ್ನು ಒಪ್ಪಿಕೊಂಡರು, ಕೆಲವರು ಸಂಸ್ಥೆಯನ್ನು ಬಿಟ್ಟರು, ಉಳಿದವರ ಮೇಲೆ ಹೊರೆ ಏರಿತು. ನಿಧಿ ಸಂಗ್ರಹಕ್ಕಾಗಿ ಊರೂರು ಸುತ್ತುತ್ತಿದ್ದ ಬ್ರೆಕಿನ್‌ರಿಜ್ 1931ರಲ್ಲಿ ಕುದುರೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಆಮೇಲೆಯೂ ಪಟ್ಟಿ ಬಿಗಿದುಕೊಂಡೇ ಭಾಷಣಗಳಿಗೆ ಹೋದಳು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆಕೆಯ ಧೈರ್ಯವನ್ನು ಕೊಂಡಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಒಬ್ಬಳ ಬೆನ್ನುಮೂಳೆಯ ಮೇಲೆ ಸಾವಿರಾರು ಜನರ ಆರೋಗ್ಯ ನಿಂತಿದ್ದರೆ ಅದು ವ್ಯವಸ್ಥೆಯ ಸೋಲಲ್ಲವೇ ಎಂದು ಕೇಳುವವರು ಕಡಿಮೆ.

ಇಂಥ ಸ್ಥಿತಿಯಲ್ಲಿಯೂ ಕೆಲಸದ ಫಲ ಏನಾಯಿತೆಂಬುದಕ್ಕೆ ಹೊರಗಿನವರ ಸಾಕ್ಷ್ಯವೇ ಇದೆ. ಮೆಟ್ರೊಪಾಲಿಟನ್ ಜೀವವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್, ಸಂಸ್ಥೆಯ ಮೊದಲ 1,000 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಸಿರು ಅಥವಾ ಹೆರಿಗೆಯೇ ನೇರ ಕಾರಣವಾಗಿ ಒಬ್ಬ ತಾಯಿಯೂ ಸತ್ತಿರಲಿಲ್ಲವೆಂದು 1932ರಲ್ಲಿ ವರದಿ ಮಾಡಿದ. ಆ ಹೊತ್ತಿನಲ್ಲಿ ಅಮೆರಿಕದಲ್ಲಿ 1,000 ಹೆರಿಗೆಗೆ ಆರೇಳು ತಾಯಂದಿರು ಸಾಯುತ್ತಿದ್ದರು. ಇಂಥ ಸೇವೆ ದೇಶದ ಎಲ್ಲ ಹೆಂಗಸರಿಗೂ ಸಿಕ್ಕರೆ ವರ್ಷಕ್ಕೆ 10,000 ತಾಯಂದಿರ ಜೀವ ಉಳಿಯುತ್ತದೆ, ಸತ್ತು ಹುಟ್ಟುವ ಶಿಶುಗಳ ಸಂಖ್ಯೆ 30,000ದಷ್ಟು ಇಳಿಯುತ್ತದೆ ಎಂಬುದು ಅವನ ಅಂದಾಜು. ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ದಾಖಲೆಯೂ ಇದೆ. ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್ 1933ರಲ್ಲಿ ಆ ನಗರದ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಮೂರರಲ್ಲಿ ಎರಡು ಸಾವುಗಳನ್ನು ತಪ್ಪಿಸಬಹುದಿತ್ತೆಂದು ಕಂಡುಕೊಂಡಿತು. ದೇಶದ ಅತ್ಯುತ್ತಮ ಆಸ್ಪತ್ರೆಗಳಿದ್ದ ನಗರದಲ್ಲಿ ತಜ್ಞರ ಆತುರದ ಶಸ್ತ್ರಕ್ರಿಯೆಗಳೂ ಕೊಲ್ಲುತ್ತಿದ್ದ ಹೊತ್ತಿನಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಪತ್ರಿಕೆ ಹಾಸಿ ಹೆರಿಗೆ ಮಾಡಿಸುತ್ತಿದ್ದ ಕಡೆ ತಾಯಂದಿರು ಬದುಕುತ್ತಿದ್ದರು.

ಆದರೂ ಈ ಚರಿತ್ರೆಯನ್ನು ಬರಿಯ ಆರಾಧನೆಯಿಂದ ಓದಲಾಗದು. ಆ 53 ಅಜ್ಜಿಯರ ಗತಿ ಏನಾಯಿತೆಂಬುದು ಮೊದಲ ಪ್ರಶ್ನೆ. ಅವರನ್ನು ಅಪಾಯವೆಂದೇ ಚಿತ್ರಿಸಿದ ವರದಿಗಳಲ್ಲಿ, ವೈದ್ಯರೇ ಇಲ್ಲದ ಬೆಟ್ಟಗಳಲ್ಲಿ ತಲೆಮಾರುಗಳನ್ನು ಭೂಮಿಗಿಳಿಸಿದವರು ಅವರೇ ಎಂಬ ಋಣದ ಮಾತು ತೀರ ಕಡಿಮೆ. ಎರಡನೆಯದು ಇನ್ನೂ ಕಟುವಾದದ್ದು. ದಾನಿಗಳ ಮನ ಕರಗಿಸಲು ಬ್ರೆಕಿನ್‌ರಿಜ್ ಬೆಟ್ಟದ ಜನರ ಅಪ್ಪಟ ಆಂಗ್ಲೋ-ಸ್ಯಾಕ್ಸನ್ ವಂಶವನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಿದ್ದಳು. ಆಕೆಯ ಕಾಲದಲ್ಲಿ ಕಪ್ಪು ನರ್ಸುಗಳಿಗೆ ಸಂಸ್ಥೆಯಲ್ಲಿ ಅವಕಾಶವಿರಲಿಲ್ಲ. ಯಾರ ಮಕ್ಕಳನ್ನು ಉಳಿಸಬೇಕೆಂಬ ಆಯ್ಕೆಯೂ ದಾನದ ಹಣದ ಜೊತೆಗೇ ಬರುತ್ತದೆ. ಅದೇ ಕಾಲದಲ್ಲಿ ದಕ್ಷಿಣ ಕೆರೊಲೈನಾದ ಪೈನ್‌ವಿಲ್‌ನಲ್ಲಿ ಮಾಡ್ ಕ್ಯಾಲನ್ ಎಂಬ ಕಪ್ಪು ನರ್ಸ್-ಸೂಲಗಿತ್ತಿ ಕಡುಬಡವರ ನಡುವೆ 1923ರಿಂದ ದುಡಿಯುತ್ತಿದ್ದಳು. ಛಾಯಾಗ್ರಾಹಕ ಯೂಜಿನ್ ಸ್ಮಿತ್ ಆಕೆಯ ಕುರಿತ ಚಿತ್ರಲೇಖನವನ್ನು ಲೈಫ್ ಪತ್ರಿಕೆಯಲ್ಲಿ ಪ್ರಕಟಿಸುವ ಹೊತ್ತಿಗೆ 1951 ಬಂದಿತ್ತು, ಓದುಗರು ಕಳಿಸಿದ ಹಣದಿಂದ ಆಕೆಗೊಂದು ಕ್ಲಿನಿಕ್ ಕಟ್ಟುವ ಹೊತ್ತಿಗೆ 1953. ಅಲ್ಲಿಯವರೆಗೆ ಆಕೆಗೆ ದೊಡ್ಡ ನಗರಗಳ ಚಂದಾ ಸಮಿತಿಗಳಿರಲಿಲ್ಲ.

ಕೆಂಟಕಿಯ ಸೂಲಗಿತ್ತಿಯರಲ್ಲಿ ಬಹುಮಂದಿ ಬ್ರಿಟಿಷರು, ಇಲ್ಲವೆ ಬ್ರಿಟನ್ನಿಗೆ ಹೋಗಿ ಕಲಿತುಬಂದ ಅಮೆರಿಕನ್ನರು. 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷರು ತಾಯ್ನಾಡಿನ ಕರೆಗೆ ಓಗೊಟ್ಟು ಹೊರಟರು. ಆ ಕೊರತೆ ತುಂಬಲು ಅದೇ ನವೆಂಬರಿನಲ್ಲಿ ಹೈಡನ್ನಿನಲ್ಲಿಯೇ ಸೂಲಗಿತ್ತಿ ಶಾಲೆ ತೆರೆಯಿತು. ಇಂದು ಫ್ರಾಂಟಿಯರ್ ನರ್ಸಿಂಗ್ ವಿಶ್ವವಿದ್ಯಾಲಯವಾಗಿ ಬೆಳೆದಿರುವುದು ಅದೇ. ಆದರೆ ದೇಶ ಆಗಲೇ ಬೇರೆ ದಾರಿ ಹಿಡಿದಿತ್ತು. 1940ರ ವೇಳೆಗೆ ಅಮೆರಿಕದ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಸೂಲಗಿತ್ತಿ ಎಂದರೆ ಬಡವರ ಬೆಟ್ಟದ ಏರ್ಪಾಡು ಎಂಬ ಭಾವನೆ ಉಳಿಯಿತು. ಆದರೂ ಆರಂಭದಿಂದ 1950ರ ದಶಕದ ಮಧ್ಯದವರೆಗಿನ ಲೆಕ್ಕದಲ್ಲಿ ಸಂಸ್ಥೆಯ ತಾಯಂದಿರ ಸಾವು 10,000 ಹೆರಿಗೆಗೆ 9ರಷ್ಟಿತ್ತು. ಅದೇ ಅವಧಿಗೆ ರಾಷ್ಟ್ರದ ಸರಾಸರಿ 34.

ಕೆಂಟಕಿಯಲ್ಲಿ ಇದೆಲ್ಲ ನಡೆಯುತ್ತಿದ್ದ 1930ರ ದಶಕದಲ್ಲಿಯೇ ನಮ್ಮ ಮೈಸೂರು ಸಂಸ್ಥಾನವೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾರೋಗ್ಯ ಘಟಕವೊಂದನ್ನು ನಡೆಸಿತ್ತು. ಆದರೆ ಹಳ್ಳಿಗಳ ಬಹುಪಾಲು ಹೆರಿಗೆಗಳು ಸೂಲಗಿತ್ತಿಯರ ಕೈಯಲ್ಲಿಯೇ ಉಳಿದವು. ಪದೇ ಪದೇ ಬರ ಬೀಳುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ವಿದ್ಯೆ ಕಲಿತು, ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳಲಾಗುತ್ತದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಭಾರತ ಸರ್ಕಾರ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಬಿಡುಗಡೆ ಮಾಡಿ, ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಹೊಸ ವರ್ಗವೊಂದನ್ನು ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಆ ಯೋಜನೆಯನ್ನು ಜಿಲ್ಲೆ ತಾಲ್ಲೂಕುಗಳಲ್ಲಿ ಜಾರಿಗೊಳಿಸುವ ಅಧಿಕಾರಿಗಳು ಕೆಂಟಕಿಯ ಕುದುರೆಗಳ ಕಥೆಯನ್ನು ಓದುವ ಮೊದಲು ಅಲ್ಲಿಯ ಲೆಕ್ಕಪುಸ್ತಕವನ್ನು ಓದಬೇಕು. ಒಬ್ಬ ಸೂಲಗಿತ್ತಿಗೆ ಎಷ್ಟು ಬಸುರಿಯರು, ಎಷ್ಟು ದೂರ, ಎಷ್ಟು ಸಂಬಳ, ಬರಗಾಲದ ವರ್ಷದಲ್ಲಿ ಆ ಸಂಬಳ ಯಾವ ಬಾಬ್ತಿನಿಂದ ಬರುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ತರಬೇತಿ ಶಾಲೆಯ ಶಂಕುಸ್ಥಾಪನೆಗೆ ಹೋಗಲಿ.